ಬೀಗರನ್ನು ಯಾವ ಭಾಷೆಯಲ್ಲಿ ಬೈಯಬೇಕು?

ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಗಂಗಾಧರಯ್ಯ ಮೇಷ್ಟ್ರವರೇ, ಕೋಲಾರದಿಂದ ಧೂಳು ಕುಡಿಯುತ್ತ ಬಸ್ಸಿನಲ್ಲಿ ಬಂದಿರುವ ಮುಖ್ಯ ಅತಿಥಿಗಳಾದ ವಕೀಲರೇ, ನಮ್ಮ ಮಾಲೂರಿನ ಕನ್ನಡ ಮಿತ್ರ ಸಂಘದ ಕಾರ್ಯದರ್ಶಿಗಳೇ, ಮುಂದಿನ ಬೆಂಚುಗಳ ಹಿರಿಯರೇ, ಎಡಗಡೆ ಜಮಖಾನೆಯ ಮೇಲೆ ಮಕ್ಕಳನ್ನು ಸುಮ್ಮನಿರಿಸುತ್ತ ಕುಳಿತಿರುವ ತಾಯಂದಿರೇ, ಸಭಿಕರೇ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಸಭೆ ಮುಗಿದ ಮೇಲೆ ಈ ಕಾಗದಗಳನ್ನು ಸಂಘದ ವಾರ್ಷಿಕ ಸಂಚಿಕೆಗೆ ಕೊಡಬೇಕೆಂದು ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ಇದನ್ನು ನೋಡಿ ಅಚ್ಚಿನ ಮೊಳೆ ಜೋಡಿಸುವ ಪುಣ್ಯಾತ್ಮರು ಯಾರೋ, ಅವರ ಕ್ಷಮೆಯನ್ನೂ ಈಗಲೇ ಕೇಳುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ಸಾಲು ಎಡಗಡೆ ನೆಟ್ಟಗೆ ಹೊರಟು ಬಲಗಡೆ ಹೋಗುವ ಹೊತ್ತಿಗೆ ಇಳಿಜಾರಾಗುತ್ತದೆ. ಮಹಾಪ್ರಾಣ ಬರಬೇಕಾದ ಕಡೆ ಬರುವುದಿಲ್ಲ, ಬೇಡವಾದ ಕಡೆ ಬಂದು ಕುಳಿತಿರುತ್ತದೆ. ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ, ಮುಳಬಾಗಿಲಿನ ಆಚೆ ನಮ್ಮೂರ ಶಾಲೆಯಲ್ಲಿ. ಆಮೇಲೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ಮನೆಯಲ್ಲಿ ಕೈ ಬೇಕಾಯಿತು. ಕಾರ್ಯದರ್ಶಿಗಳು, “ಕೊಡು, ತಿದ್ದಿಕೊಡುತ್ತೇನೆ” ಎಂದು ಕೇಳಿದ್ದು ನಿಜ. ನಾನು ಕೊಡಲಿಲ್ಲ. ಕಾರ್ಯದರ್ಶಿಗಳು ನನಗೆ ಏನಾಗಬೇಕು ಎನ್ನುವುದು ಈ ಸಭೆಗೆ ಗೊತ್ತಿದೆ. ಅವರ ಹೆಸರು ನಾನು ಹೇಳುವಂತಿಲ್ಲ. ಬೇಕಾದ ಕಡೆ ನೀವೇ ಸೇರಿಸಿಕೊಳ್ಳಿ.

ಹೆಂಗಸರ ಮಾಸಪತ್ರಿಕೆಯಲ್ಲಿ ನನ್ನ ಎರಡು ಸಣ್ಣ ಕಥೆಗಳು ಬಂದವೆಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ‘ಮದುವೆಯ ಮನೆಯಲ್ಲಿ ಕನ್ನಡದ ಹಾಡು’ ಎಂಬ ವಿಷಯವನ್ನೂ ಕೊಟ್ಟಿದ್ದೀರಿ. ನನ್ನ ಮಾತು ಮುಗಿದ ಮೇಲೆ ಒಂದು ನಿರ್ಣಯ ಓದುತ್ತಾರೆ. ಸಂಘದ ಸದಸ್ಯರ ಮನೆಯ ಶುಭಕಾರ್ಯಗಳಲ್ಲಿ ಇನ್ನು ಮುಂದೆ ಕನ್ನಡವಲ್ಲದೆ ಬೇರೆ ಭಾಷೆಯ ಹಾಡು ಹಾಡಕೂಡದು, ಹಾಡಿಸಕೂಡದು. ಒಪ್ಪುವವರು ಕೈ ಎತ್ತಬೇಕು. ಜಮಖಾನೆಯ ಮೇಲಿರುವ ನಾವು ಕೈ ಎತ್ತುವ ಹಾಗಿಲ್ಲ, ನಾವು ಸದಸ್ಯರಲ್ಲ. ಆದರೆ ಹಾಡುವವರು ನಾವೇ. ನಿರ್ಣಯ ಗೆದ್ದರೆ ಅದು ಮೊದಲು ಬರುವುದು ನಮ್ಮ ಮನೆಗೆ. ಮಾಘ ಮಾಸದಲ್ಲಿ ನನ್ನ ನಾದಿನಿ ಶಾಮಲಮ್ಮನ ಮದುವೆ. ಅವತ್ತು ಹಾಡುವವರು ಬಾಯಿ ತೆರೆಯಬಹುದೋ ಬಾರದೋ ಎನ್ನುವುದು ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಕೈಗಳಿಂದ ತೀರ್ಮಾನವಾಗುತ್ತದೆ.

ಸಂಘದ ಮೇಲೆ ನನಗೆ ಇರುವುದು ಗೌರವ ಮಾತ್ರ. ಈ ಊರಿನಲ್ಲಿ ಕನ್ನಡಕ್ಕೆ ಯಾರಿದ್ದರು? ಡೇರೆ ಹಾಕಿದರೆ ತೆಲುಗು ನಾಟಕ. ಕನ್ನಡ ನಾಟಕದ ದಿನ ಜನ ಇದ್ದಹಾಗೆ ಕಾಣಲೆಂದು ಟಿಕೆಟ್ಟು ಹರಿಯುವವನೇ ಒಳಗೆ ಬಂದು ಕೂರುತ್ತಿದ್ದನಂತೆ. ಕಚೇರಿಗೆ ಹೋದರೆ ಇಂಗ್ಲಿಷು, ಸಂತೆಗೆ ಹೋದರೆ ತೆಲುಗು, ಮಂಡಿಗೆ ಹೋದರೆ ಉರ್ದು. ಕನ್ನಡ ಎಲ್ಲಿತ್ತು? ಸಂಘದವರು ಒಂದು ಬೀರು ಪುಸ್ತಕ ತಂದಿಟ್ಟರು. ಮದುವೆಯಾಗಿ ಬಂದ ಮೇಲೆ ಅದರಲ್ಲಿ ಒಂದೊಂದನ್ನೇ ತರಿಸಿಕೊಂಡು ಒಲೆಯ ಮುಂದೆ ಓದಿದವಳು ನಾನು. ಅನ್ನ ಸೀದದ್ದೂ ಉಂಟು. ಆ ಬೀರು ಇಲ್ಲದಿದ್ದರೆ ಈ ಭಾಷಣವೂ ಇಲ್ಲ.

ಆದರೂ ಹಾಡಿನ ಮಾತು ಬಂದಾಗ ಒಂದು ಪ್ರಶ್ನೆ ಏಳುತ್ತದೆ. ಹಾಡು ಯಾರದು? ಇದು ನಮ್ಮದು, ಅದು ಅವರದು ಎಂದು ಬದು ಹಾಕುವುದು ಎಲ್ಲಿ?

ನಮ್ಮ ಮನೆಯ ಸಂಗತಿ ಹೇಳುತ್ತೇನೆ. ನಮ್ಮ ತಂದೆ ಆವಲಪ್ಪನವರದು ಹಿಪ್ಪುನೇರಳೆ, ರಾಗಿ, ಒಂದಿಷ್ಟು ಆಲೂಗಡ್ಡೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಹಸುವನ್ನು ಕರೆಯುವುದು ತೆಲುಗಿನಲ್ಲಿ, ಎಣಿಸುವುದು ಕನ್ನಡದಲ್ಲಿ. ನಮ್ಮ ತಂದೆಯ ಚಿಕ್ಕಮ್ಮ ದೊಡ್ಡಮುನಿಯಮ್ಮ, ನಾವು ಅವ್ವ ಎನ್ನುತ್ತೇವೆ, ಸುತ್ತಮುತ್ತಲ ಊರುಗಳಿಗೆಲ್ಲ ಹಾಡುಗಾತಿ. ಅವ್ವ ಮದುವೆಯಲ್ಲಿ ಹಾಡುವುದು ತೆಲುಗು. ಆದರೆ ರಾಗಿ ಬೀಸುವಾಗ ಹಾಡುವುದು ಕನ್ನಡ. ಏಕೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. “ಬೀಸೋಕೆ ಎದುರುಗಡೆ ಕೂರ್ತಿದ್ದೋಳು ಪಕ್ಕದ ಮನೆ ಮುನಿಶಾಮಮ್ಮ ಅಲ್ವೇನೇ ಅಮ್ಮಣ್ಣಿ? ಆವಮ್ಮಂಗೆ ಕನ್ನಡ ಬಿಟ್ರೆ ಬರ್ತಿರ್ಲಿಲ್ಲ. ಒಬ್ಳೇ ಹಾಡಿದ್ರೆ ಕಲ್ಲು ತಿರುಗ್ತದಾ?” ಎಂದಳು. ಮುನಿಶಾಮಮ್ಮ ಸತ್ತು ಎಷ್ಟೋ ವರ್ಷವಾಗಿತ್ತು. ಬೀಸುವ ಹಾಡು ಮಾತ್ರ ಕನ್ನಡದಲ್ಲೇ ಉಳಿದಿತ್ತು. ಮೊಹರಂ, ನಮ್ಮ ಕಡೆಯವರ ಬಾಬಯ್ಯನ ಹಬ್ಬ, ಬಂದರೆ ಇದೇ ಅವ್ವ ಸಾಬರ ಬೀದಿಯ ತುದಿಯಲ್ಲಿ ನಿಂತು ಅವರ ಪದಕ್ಕೆ ತಲೆದೂಗುತ್ತಿದ್ದಳು. ಅರ್ಥವಾಗುತ್ತದಾ ಎಂದರೆ, “ಅಳೋದು ಅರ್ಥ ಆಗಲ್ವಾ?” ಎನ್ನುತ್ತಿದ್ದಳು. ಅವಳು ಯಾವ ಜಾತಿಯ, ಯಾವ ಭಾಷೆಯ ಹಾಡುಗಾತಿ ಎಂದು ಬರೆದುಕೊಳ್ಳಲು ಯಾರಾದರೂ ಬಂದಿದ್ದರೆ ಪಾಪ, ಸಾಕಾಗಿ ಹೋಗುತ್ತಿದ್ದರು.

ಈಗ ಮದುವೆಗೆ ಬರುತ್ತೇನೆ. ನನ್ನದೇ ಮದುವೆ. ಮೂರು ವರ್ಷದ ಹಿಂದೆ, ಯುದ್ಧ ಇನ್ನೂ ನಡೆಯುತ್ತಿದ್ದಾಗ.

ಗಂಡಿನ ಕಡೆಯಿಂದ ಏನೂ ಕೇಳಲಿಲ್ಲ. ಹೆಣ್ಣಿಗೆ ಓದು ಬರಹ ಬಂದರೆ ಸಾಕು ಎಂದರು. ನಮ್ಮ ತಂದೆಗೆ ಆಶ್ಚರ್ಯ. ಮಧ್ಯಸ್ಥಿಕೆಯವರು ಹೊರಡುವಾಗ, ಮೆಟ್ಟಿಲ ಮೇಲೆ ಮೆಟ್ಟು ಹಾಕಿಕೊಳ್ಳುತ್ತ, “ಒಂದೇ ಒಂದು ಮಾತದೆ. ಹುಡುಗ ಕನ್ನಡ ಸಂಘದೋನು. ಮದುವೇಲಿ ಕನ್ನಡದ ಹಾಡೇ ಹಾಡ್ಬೇಕಂತೆ” ಎಂದರು. “ಇಷ್ಟೇನಾ?” ಎಂದು ನಮ್ಮ ತಂದೆ ನಕ್ಕುಬಿಟ್ಟರು. ಮಾತು ಕೊಟ್ಟರು. ಗಂಡಿನ ಮನೆಯವರಿಗೆ ತೆಲುಗು ಬರುವುದಿಲ್ಲ, ಅದಕ್ಕೇ ಹಾಗೆ ಹೇಳಿದ್ದಾರೆ ಎಂದು ನಾವೆಲ್ಲ ತಿಳಿದೆವು.

ಸೋಬಾನೆ, ಆರತಿ, ಹಸೆ, ಇವಕ್ಕೆ ಕಷ್ಟವಾಗಲಿಲ್ಲ. ಪಕ್ಕದ ಊರಿನವರಿಂದ ಕನ್ನಡದ ಹಾಡು ಕೇಳಿ ಕಲಿತರು. ಗೊಂದಲ ಬಂದದ್ದು ಬೀಗರ ಪದಕ್ಕೆ. ಬೀಗರ ಪದ ಎಂದರೆ ಈ ಸಭೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ಪೇಟೆಯ ಗಂಡಸರಿಗಾಗಿ ಹೇಳುತ್ತೇನೆ. ಧಾರೆ ಮುಗಿದು ಬೀಗರ ಪಂಕ್ತಿ ಕುಳಿತಾಗ, ಗಂಡಿನ ತಾಯಿಯ ಎಲೆಗೆ ತುಪ್ಪ ಬೀಳುತ್ತದೆ. ಆಗ ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ನಿಂತು, ಬೀಗಿತ್ತಿಯಿಂದ ಹಿಡಿದು ಒಬ್ಬೊಬ್ಬರ ಹೆಸರನ್ನೂ ಎತ್ತಿ ಬೈದು ಹಾಡಬೇಕು. ಹಳೆಯ ಮಟ್ಟು, ಬೈಗುಳ ಮಾತ್ರ ಹೊಸದು, ಅವರವರ ಮುಖ ನೋಡಿ ಅಲ್ಲೇ ಕಟ್ಟಬೇಕು. ಬೈಸಿಕೊಂಡು ನಕ್ಕ ಮೇಲೆ ಅವರು ಮೊದಲ ತುತ್ತು ಎತ್ತುವುದು.

ಇದನ್ನು ಕನ್ನಡಕ್ಕೆ ತಿರುಗಿಸಲು ಹೆಂಗಸರೆಲ್ಲ ಹಟ್ಟಿಯಲ್ಲಿ ಕುಳಿತರು. ಓದಿದವಳೆಂದು ನನ್ನನ್ನು ಕೇಳಿದರು. ನಾನು ಶಾಲೆಯ ಪುಸ್ತಕದ ಕನ್ನಡ ಹಾಕಿಕೊಟ್ಟೆ. ‘ಬೀಗಿತ್ತಿಯವರೇ, ನಿಮ್ಮ ಮೂಗು ಬದನೆಕಾಯಿಯಂತೆ ದಪ್ಪವಾಗಿದೆ.’ ಅವ್ವ ಅದನ್ನು ಮಟ್ಟಿಗೆ ಹಾಕಿ ಹಾಡಿದಳು. ಯಾರೂ ನಗಲಿಲ್ಲ. “ಇದು ಹಾಡಲ್ಲ ಕಣೇ, ಜಗಳ” ಎಂದಳು ಅವ್ವ. ಕನ್ನಡದಲ್ಲಿ ಬೀಗರ ಪದ ಇಲ್ಲವೇ? ಇವೆ, ಇದೇ ಮಾಲೂರಿನ ತಾಯಂದಿರು ಹಾಡಿದ್ದನ್ನು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆದರೆ ಅವು ನಮ್ಮವರ ಬಾಯಿಯಲ್ಲಿ ಬೆಳೆದವಲ್ಲ. ಕೊನೆಗೆ, ಕೊಟ್ಟ ಮಾತು ಕೆಡುವುದು ಬೇಡ, ಬೀಗರ ಪದವನ್ನೇ ಬಿಟ್ಟುಬಿಡೋಣ ಎಂದು ತೀರ್ಮಾನವಾಯಿತು. ಮರ್ಯಾದೆ ಎಂದುಕೊಂಡೇ ಹಾಗೆ ಮಾಡಿದರು.

ಮದುವೆಯ ದಿನ ಗಂಡಿನ ಮೆರವಣಿಗೆಗೆ ಸಂಘದ ಗೆಳೆಯರು ಚಿನ್ನದ ಗಣಿಯ ಕಡೆಯಿಂದ ಬ್ಯಾಂಡ್‌ಸೆಟ್ ಕರೆಸಿದ್ದರು. ಕೆಂಪು ಕೋಟಿನ ತಮಿಳರು, ಬಾರಿಸಿದ್ದು ಇಂಗ್ಲಿಷರ ಪಟಾಲಮ್ಮಿನ ಮಟ್ಟು. ನಮ್ಮ ಶ್ರೀನಿವಾಸಪುರದ ಓಲಗದವರು ಧಾರೆಯ ಹೊತ್ತಿಗೆ ಊದಿದ್ದು ತೆಲುಗು ಕೀರ್ತನೆ. ಅದು ಮಂಟಪದ ಕಂಬಕ್ಕೂ ಗೊತ್ತಿತ್ತು. ಯಾರೂ ಬೇಡವೆನ್ನಲಿಲ್ಲ. ಪೀಪಿಗೆ ಬಾಯಿಯಿದ್ದರೂ ಭಾಷೆಯಿಲ್ಲವಲ್ಲ. ಬಾಯಿ ಕಟ್ಟಿದ್ದು ಹೆಂಗಸರಿಗೆ ಮಾತ್ರ.

ಪಂಕ್ತಿ ಕುಳಿತಿತು. ನಾನು ಅಡಿಗೆಮನೆಯ ಬಾಗಿಲ ಹಿಂದೆ, ಅರಿಶಿನದ ಕೈಯಲ್ಲಿ ನಿಂತಿದ್ದೆ. ಅಕ್ಕಿ ಅಳೆದು ಕೊಡುತ್ತಿದ್ದ ಕಾಲ. ನಮ್ಮ ತಂದೆ ಎಲ್ಲಿಂದಲೋ ಹೊಂದಿಸಿ ಬೆಳ್ಳಗೆ ಅನ್ನ ಮಾಡಿಸಿದ್ದರು. ನನ್ನ ಅತ್ತೆ ಮುನಿಗಂಗಮ್ಮನವರು ಮೊದಲನೆಯ ಎಲೆಗೆ ಕುಳಿತರು. ತುಪ್ಪ ಬಿತ್ತು. ಅವರು ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕುಳಿತು, ಮುಖ ಎತ್ತಿ ಕಾದರು. ನಮ್ಮವರು ತಲೆ ತಗ್ಗಿಸಿ ನಿಂತರು. ಯಾರೂ ಬಾಯಿ ಬಿಡಲಿಲ್ಲ. ಅತ್ತೆ ಇನ್ನೂ ಸ್ವಲ್ಪ ಕಾದರು. ಪಕ್ಕದ ಎಲೆಯವರು ಕೋಸಂಬರಿ ಮುಟ್ಟಲೋ ಬೇಡವೋ ಎಂದು ಅವರ ಕೈ ನೋಡುತ್ತಿದ್ದರು. ಕೈ ಮಡಿಲಿನಲ್ಲೇ ಇತ್ತು.

“ಏನವ್ವಾ, ನಿಮ್ಮೂರ ಹೆಂಗಸ್ರಿಗೆ ನಾಲಿಗೆ ಬಿದ್ದೋಯ್ತಾ? ತುಪ್ಪ ಹೆಪ್ಪುಗಟ್ತಾ ಅದೆ.”

“ಊಟ ಮಾಡಮ್ಮ” ಎಂದಳು ಅವ್ವ. “ತೆಲುಗು ಹಾಡು ಬೇಡ ಅಂತ ನಿಮ್ಮ ಕಡೆಯಿಂದ್ಲೇ ಮಾತು ಬಂತಲ್ಲ.”

“ಯಾರು ಹೇಳಿದ್ದು?”

“ನಿನ್ನ ಮಗನೇ.”

“ಅವನು ಹೇಳಿದ್ರೆ ಬಾಯಿ ಮುಚ್ಕೊಂಡು ನಿಂತ್ಬಿಡೋದಾ? ಅವನನ್ನ ನಾನು ಹೆತ್ತಿರೋದು, ನನ್ನ ಅವನು ಹೆತ್ತಿಲ್ಲ.” ಅತ್ತೆಯ ದನಿ ಅಲ್ಲಿಯವರೆಗೆ ತಮಾಷೆಯಾಗಿತ್ತು. ಆಮೇಲೆ ಬದಲಾಯಿತು. “ನಮ್ಮ ಅಣ್ಣನಿಗೆ ದೊಡ್ಡ ಮನೆಯಿಂದ ಹೆಣ್ಣು ತಂದಿದ್ವಿ. ಅವತ್ತೂ ಹಿಂಗೇ. ಬಡಿಸಿದ್ರು, ತುಪ್ಪ ಹಾಕಿದ್ರು, ಒಬ್ಬರೂ ಬೈಲಿಲ್ಲ. ಹಸಿದೋರಿಗೆ ಅನ್ನ ಹಾಕಿದಂಗೆ ಹಾಕಿ ಕಳಿಸಿದ್ರು. ಬೈಯೋಕೂ ಸಮಸಮ ಇರ್ಬೇಕು ಕಣಮ್ಮ. ನಮ್ಮನ್ನ ಬೈಯೋಕೂ ಲಾಯಕ್ಕಿಲ್ಲ ಅಂದ್ಕೊಂಡ್ರಾ?”

ನಮ್ಮ ತಂದೆ ಓಡಿಬಂದು ಕೈ ಮುಗಿದರು. “ಕೈ ಮುಗೀಬೇಡಿ ಬೀಗರೇ” ಎಂದರು ಅತ್ತೆ. “ನಾನು ಕೈ ಮುಗಿಸ್ಕೊಳ್ಳೋಕೆ ಬಂದಿಲ್ಲ. ಬೈಸ್ಕೊಳ್ಳೋಕೆ ಬಂದಿದೀನಿ.”

ಎದುರು ಪಂಕ್ತಿಯಲ್ಲಿ ಮದುಮಗ, ಬಾಸಿಂಗ ಕಟ್ಟಿಕೊಂಡು, ಪಕ್ಕದಲ್ಲಿ ಸಂಘದ ಗೆಳೆಯರು. ಅವರಲ್ಲಿ ತುಮಕೂರಿನ ಕಡೆಯಿಂದ ಮಾಲೂರಿಗೆ ವರ್ಗವಾಗಿ ಬಂದಿದ್ದ ನಮ್ಮ ಗಂಗಾಧರಯ್ಯ ಮೇಷ್ಟ್ರೂ ಇದ್ದರು. ಮದುಮಗ ಎದ್ದು ಬಂದರು. “ಅಮ್ಮಾ, ಇದು ಒಂದು ತತ್ವದ ಪ್ರಶ್ನೆ.”

“ನಿನ್ನ ತತ್ವಕ್ಕೂ ಒಂದು ಎಲೆ ಹಾಕ್ಸಪ್ಪ. ಅದೂ ಉಣ್ಲಿ, ಪಾಪ.”

“ಕನ್ನಡದಲ್ಲೇ ಬೈದು ಹಾಡಲಿ. ನಾನು ಬೇಡವೆಂದೆನೇ?”

ಅವ್ವ ಏನು ಮಾಡಬೇಕು? ನಾನು ಬರೆದುಕೊಟ್ಟದ್ದನ್ನೇ ನೆನಪಿಸಿಕೊಂಡು, ಅತ್ತೆಯ ತಂಗಿ ಚಿಕ್ಕಗಂಗಮ್ಮನವರ ಕಡೆ ತಿರುಗಿ ಹಾಡಿದಳು. ನಿಮ್ಮ ಮೂಗು ಬದನೆಕಾಯಿಯಂತೆ ದಪ್ಪವಾಗಿದೆ. ಚಿಕ್ಕಗಂಗಮ್ಮನವರು ಮೂಗು ಮುಟ್ಟಿ ನೋಡಿಕೊಂಡರು. “ಏನಂದೆ?” ಎಂದರು. ಅವರ ಕಣ್ಣಲ್ಲಿ ನೀರು ಬಂತು. ಅವರ ಮಗ ಎಲೆಯ ಮುಂದಿನಿಂದ ಎದ್ದು ನಿಂತ. ನಮ್ಮ ಕಡೆಯ ಹುಡುಗರೂ ಎದ್ದರು. ಅತ್ತೆ ಎಲೆಯ ತುದಿಗೆ ಕೈಹಾಕಿದರು, ಮಡಿಸಲಿಕ್ಕೆ.

ಸಭಿಕರೇ, ಬೀಗಿತ್ತಿ ಉಣ್ಣದೆ ಎಲೆ ಮಡಿಸಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ದಿಬ್ಬಣ ಹೊರಡುತ್ತದೆ, ಹೆಣ್ಣು ಹೊರಡುವುದಿಲ್ಲ. ತಾಳಿ ಕಟ್ಟಿಸಿಕೊಂಡು ತವರಿನಲ್ಲೇ ಉಳಿದು, ಸೊಪ್ಪು ಕೊಯ್ಯುತ್ತ ಮುದುಕಿಯಾದ ಒಬ್ಬಳು ನಮ್ಮೂರಿನಲ್ಲೇ ಇದ್ದಳು. ನಾನು ಅವಳ ಜೊತೆ ತೋಟಕ್ಕೆ ಹೋಗಿಬರುತ್ತಿದ್ದವಳು. ಬಾಗಿಲ ಹಿಂದೆ ನಿಂತಿದ್ದ ನನ್ನ ಕಣ್ಣಿಗೆ ಆಗ ಕಂಡದ್ದು ಅವಳ ಮುಖ.

ಮದುಮಗಳು ತನ್ನ ಮದುವೆಯಲ್ಲಿ ಹಾಡುವ ಪದ್ಧತಿ ಎಲ್ಲಿಯೂ ಇಲ್ಲ. ನಾನಂತೂ ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಲೂ ಹೆದರುವವಳು. ಆದರೆ ಅವತ್ತು ಬಾಗಿಲ ಹಿಂದಿನಿಂದಲೇ ಬಾಯಿ ತೆರೆದೆ. ಅವ್ವನ ಹಳೆಯ ಮಟ್ಟು. ಬೈದದ್ದು ಬೀಗಿತ್ತಿಯನ್ನಲ್ಲ, ಮದುಮಗನನ್ನು. ಬಂದದ್ದು ತೆಲುಗಿನಲ್ಲಿ.

‘ಅಲ್ಲುಡೊಚ್ಚಿನಾಡಮ್ಮಾ, ಕಾಗಿತಾಲ ಮೂಟತೋ.’ ಅಳಿಯ ಬಂದನಮ್ಮ, ಕಾಗದದ ಮೂಟೆ ಹೊತ್ತು. ಮುಂದಿನದನ್ನು ಕನ್ನಡದಲ್ಲೇ ಹೇಳುತ್ತೇನೆ. ಎಮ್ಮೆಗೆ ಹುಲ್ಲು ಹಾಕಪ್ಪ ಎಂದರೆ, ಎಮ್ಮೆಗೆ ಓದು ಕಲಿಸಿದ. ಓದು ಕಲಿತ ಎಮ್ಮೆ ಮೊದಲು ಓದಿದ್ದು ಇವನ ಕಾಗದಗಳನ್ನೇ. ಓದಿದ್ದೇ ತಡ, ಹಾಲು ಕೊಡುವುದನ್ನು ಬಿಟ್ಟಿತು.

ನನ್ನ ಜೀವನದಲ್ಲಿ ನಾನಾಗಿ ಕಟ್ಟಿದ ಮೊದಲ ಪದ ಅದು. ಪತ್ರಿಕೆಯಲ್ಲಿ ಬಂದ ಎರಡು ಕಥೆಗಳಿಗಿಂತ ಅದೇ ಹಿರಿಯದು.

ಮದುಮಗಳ ದನಿ ಎಂದು ತಿಳಿದು ನಮ್ಮ ತಾಯಿ ಬಾಯಿ ಮುಚ್ಚಿಕೊಂಡರು. ಆಗ ಒಬ್ಬರು ನಕ್ಕರು. ಎಲ್ಲರಿಗಿಂತ ಮುಂಚೆ, ಎಮ್ಮೆ ಕಾಗದ ಓದುವ ಹೊತ್ತಿಗೇ, ತಡೆಯಲಾರದೆ, ಬಾಸಿಂಗ ಜಾರುವಂತೆ ನಕ್ಕರು. ನಕ್ಕವರು ಯಾರು? ಮದುಮಗ. ಅವರ ಹಿಂದೆಯೇ ಎದ್ದು ಬಂದಿದ್ದ ಮೇಷ್ಟ್ರು ತೋಳು ಹಿಡಿದು ಎಳೆಯತೊಡಗಿದರು. “ಏನಂದ್ರು? ಎಮ್ಮೆ ಏನಾಯ್ತು?” ಅಧ್ಯಕ್ಷರು ನಗುತ್ತಿದ್ದಾರೆ, ಅವರಿಗೂ ನೆನಪಿದೆ. ಮದುಮಗ, ಅಂದರೆ ನಮ್ಮ ಕಾರ್ಯದರ್ಶಿಗಳು, ಗಂಟಲು ಸರಿಮಾಡಿಕೊಂಡು, ಸಂಘದ ವರದಿ ಓದುವ ದನಿಯಲ್ಲೇ ಹೇಳಿದರು: “ಎಮ್ಮೆಯು ವಿದ್ಯಾಭ್ಯಾಸವನ್ನು ಮುಗಿಸಿದ ಬಳಿಕ ಹಾಲು ಕೊಡುವುದನ್ನು ನಿಲ್ಲಿಸಿತು ಎನ್ನುತ್ತಿದ್ದಾರೆ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅತ್ತೆ ಎಲೆಯ ತುದಿ ಬಿಟ್ಟರು. “ಲೋ, ತೆಲುಗು ಬರಲ್ಲ ಅಂತಿದ್ದೋನಿಗೆ ಹೆಂಗೋ ತಿಳೀತು?” ಎಂದರು. ಅವ್ವನಿಗೆ ಇನ್ನು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಬೀಗಿತ್ತಿ ಊಟಕ್ಕೆಂದು ಹೊರಟಳು, ರೈಲು ಕೂಗಿ ಹೇಳಿತು, ಇವಳನ್ನು ಎಳೆಯಲು ಇನ್ನೊಂದು ಇಂಜಿನ್ ತನ್ನಿ ಎಂದು ಶುರುಮಾಡಿದಳು. ಅದನ್ನೂ ಕಾರ್ಯದರ್ಶಿಗಳು ಮೇಷ್ಟ್ರಿಗೆ ಶುದ್ಧ ಕನ್ನಡದಲ್ಲಿ ಒಪ್ಪಿಸಿದರು: “ನಮ್ಮ ತಾಯಿಯವರ ತೂಕದ ಬಗ್ಗೆ ಪ್ರಸ್ತಾಪವಾಗುತ್ತಿದೆ.” ಅತ್ತೆ ಬೈಸಿಕೊಂಡು ಸುಮ್ಮನಿರಲಿಲ್ಲ. ಕುಳಿತಲ್ಲಿಂದಲೇ ತೆಲುಗಿನಲ್ಲೇ ಮರುಪದ ಎತ್ತಿದರು. ತೆಲುಗು ಬಾರದವರೆಂದು ನಾವು ತಿಳಿದಿದ್ದ ಬೀಗಿತ್ತಿ! ಅವರು ಹುಟ್ಟಿದ್ದು ಶ್ರೀನಿವಾಸಪುರದ ಹತ್ತಿರ. ಮಾಲೂರಿಗೆ ಸೊಸೆಯಾಗಿ ಬಂದಾಗ ಯಾರೋ ನಕ್ಕರೆಂದು ತೆಲುಗನ್ನು ಹೊಸ್ತಿಲಾಚೆ ಬಿಟ್ಟು ಬಂದಿದ್ದರಂತೆ. ಮಕ್ಕಳನ್ನು ಆಡಿಸುವಾಗ ಮಾತ್ರ ಮನೆಯೊಳಗೆ ಅದು ಬಾಯಿಗೆ ಬರುತ್ತಿತ್ತಂತೆ. ಆ ಮಧ್ಯಾಹ್ನ ಅವ್ವನೂ ಅತ್ತೆಯೂ ಒಬ್ಬರಿಗೊಬ್ಬರು ಸೋಲದೆ ಬೈದಾಡಿದರು. ಪಾಯಸ ಆರಿಹೋಯಿತು. ಚಿಕ್ಕಗಂಗಮ್ಮನವರು ತಾವೇ ಮೂಗು ಮುಂದೆ ಚಾಚಿ, “ನಂದು ಇನ್ನೊಂದು ಸಲ ಹೇಳ್ರೇ, ಸರಿಯಾಗಿ” ಎಂದು ಕೇಳಿ ಬೈಸಿಕೊಂಡರು. ಸಂಜೆಗೆ ನಾನು ದಿಬ್ಬಣದ ಜೊತೆ ಹೊರಟೆ.

ಇನ್ನು ಮುಂದಿನ ನಾಲ್ಕು ಸಾಲುಗಳನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಹೊಡೆದರೂ ಓದಲು ಬರುತ್ತದೆ. ಓದುತ್ತೇನೆ.

ಕಾರ್ಯದರ್ಶಿಗಳಿಗೆ ತೆಲುಗಿನ ಮೇಲೆ ಏಕೆ ಅಷ್ಟು ಕೋಪ? ನೀವೆಲ್ಲ ಅದು ಕನ್ನಡದ ಅಭಿಮಾನ ಎಂದು ತಿಳಿದಿದ್ದೀರಿ. ಅಭಿಮಾನ ಇದೆ. ಅದರ ಕೆಳಗೆ ಇನ್ನೊಂದು ಇದೆ. ಅವರು ಹುಡುಗರಾಗಿ ಬೆಂಗಳೂರಿನ ಒಂದು ಹಾಸ್ಟೆಲಿನಲ್ಲಿದ್ದಾಗ, ತಂದೆ ಹೋದರೆಂದು ಊರಿನಿಂದ ಸುದ್ದಿ ಬಂತು. ಅವರು ಅತ್ತರು. ಅಳು ತೆಲುಗಿನಲ್ಲಿ ಬಂತು. “ನಾಯನಾ, ನಾಯನಾ” ಎಂದು, ಅಂದರೆ ಅಪ್ಪಾ, ಅಪ್ಪಾ ಎಂದು. ಕೋಲಾರದ ತೆಲುಗ ಎಂದು ಮೊದಲೇ ಹಂಗಿಸುತ್ತಿದ್ದ ಹುಡುಗರಿಗೆ ಅದು ತಮಾಷೆಯಾಯಿತು. ಸ್ನಾನಕ್ಕೆ ಹೋದರೂ, ಊಟಕ್ಕೆ ಕುಳಿತರೂ, ಆಚೆ ಕಡೆಯಿಂದ ಯಾರಾದರೂ ಅದೇ ರಾಗದಲ್ಲಿ “ನಾಯನಾ” ಎನ್ನುವುದು, ಉಳಿದವರು ನಗುವುದು. ಆಮೇಲೆ ಅವರು ತೆಲುಗಿನಲ್ಲಿ ಅಳಲಿಲ್ಲ, ಮಾತೂ ಆಡಲಿಲ್ಲ. ಒಬ್ಬ ಹುಡುಗನ ಅಳುವನ್ನು ಹಾಡು ಮಾಡಿಕೊಂಡು ನಕ್ಕವರೂ ಕನ್ನಡದವರೇ. ಆ ಹುಡುಗ ದೊಡ್ಡವನಾಗಿ ಆ ಕನ್ನಡಕ್ಕಾಗಿಯೇ ಬೀರು ತುಂಬ ಪುಸ್ತಕ ತಂದ. ಎಷ್ಟು ದೊಡ್ಡ ಮನಸ್ಸು! ಆದರೆ ಒಂದು ಸಂಗತಿ ನನಗೆ ಅರ್ಥವಾಗುವುದಿಲ್ಲ. ಆ ಹುಡುಗರು ಹಾಸ್ಟೆಲಿನಲ್ಲಿ ಮಾಡಿದ್ದನ್ನೇ ಇವತ್ತಿನ ನಿರ್ಣಯ ನಮ್ಮ ಮನೆಗಳಲ್ಲಿ ಮಾಡುವುದಿಲ್ಲವೇ? ನಿನ್ನ ದನಿ ಕೇಳಿಸಬಾರದು ಎನ್ನುವುದಿಲ್ಲವೇ?

ಕಾರ್ಯದರ್ಶಿಗಳು ತಲೆ ತಗ್ಗಿಸಿದ್ದಾರೆ. ಇಷ್ಟನ್ನು ಹೇಳಬಾರದಿತ್ತೋ ಏನೋ. ಇನ್ನು ಸ್ವಲ್ಪವೇ ಇದೆ, ಓದಿಬಿಡುತ್ತೇನೆ.

ನಾನು ಬರೆಯುವುದು ಕನ್ನಡದಲ್ಲಿ. ಬೇರೆ ಭಾಷೆಯಲ್ಲಿ ಬರೆಯಲು ಬರುವುದೂ ಇಲ್ಲ, ಆಸೆಯೂ ಇಲ್ಲ. ಆದರೆ ಬರೆಯಬೇಕೆಂಬ ಆಸೆ ಎಲ್ಲಿಂದ ಬಂತು ಎಂದು ಕೇಳಿದರೆ, ಆ ಪಂಕ್ತಿಯಿಂದ ಬಂತು. ನಾನು ತೆಲುಗಿನಲ್ಲಿ ಬೈದೆ, ಅವರು ಅದನ್ನು ಕನ್ನಡದಲ್ಲಿ ಮೇಷ್ಟ್ರಿಗೆ ಹೇಳಿದರು, ಮೇಷ್ಟ್ರು ನಕ್ಕರು. ನನ್ನ ಮಾತು ಇನ್ನೊಂದು ಮಾತಾಗಿ ಒಬ್ಬ ಅಪರಿಚಿತರನ್ನು ನಗಿಸಿತು. ಅದಕ್ಕಿಂತ ಹೆಚ್ಚಿನದನ್ನು ನಾನು ಈವರೆಗೆ ಮಾಡಿಲ್ಲ. ಕನ್ನಡಕ್ಕೆ ಆ ಮಧ್ಯಾಹ್ನ ಏನಾದರೂ ನಷ್ಟವಾಯಿತೇ ಅಧ್ಯಕ್ಷರೇ? ನೀವೇ ಹೇಳಬೇಕು, ನೀವು ಅಲ್ಲಿದ್ದಿರಿ.

ಕನ್ನಡದ ಹಾಡು ಬೆಳೆಯಬೇಕೇ? ಹಾಡಿಸಿ. ಹುಡುಗಿಯರಿಗೆ ಕಲಿಸಿ, ನಾನೂ ಬಂದು ಕಲಿಸುತ್ತೇನೆ, ಮಹಾಪ್ರಾಣ ಒಂದನ್ನು ಬಿಟ್ಟು. ಆದರೆ ಶಾಮಲಮ್ಮನ ಬೀಗರು ಎಲೆಯ ಮುಂದೆ ಕುಳಿತು ಕಾಯುವಾಗ ನಮ್ಮ ಅತ್ತೆ ಬಾಯಿ ಕಟ್ಟಿಕೊಂಡು ನಿಲ್ಲುವಂತೆ ಮಾಡಬೇಡಿ. ನಿರ್ಣಯವನ್ನು ಬೆಂಬಲಿಸಿ ನಾಲ್ಕು ಮಾತಾಡು ಎಂದು ಕರೆದಿದ್ದಿರಿ. ನನ್ನಿಂದ ಆಗಲಿಲ್ಲ. ಕೈ ಎತ್ತುವ ಮುಂಚೆ, ದಯವಿಟ್ಟು, ಜಮಖಾನೆಯ ಮೇಲಿರುವ ನಿಮ್ಮ ನಿಮ್ಮ ಮನೆಯವರ ಕಡೆ ಒಂದು ಸಲ ನೋಡಿ.

ಮಾತಾಡಲು ಜಾಗ ಕೊಟ್ಟ ಅಧ್ಯಕ್ಷರಿಗೆ, ತಾಳ್ಮೆಯಿಂದ ಕೇಳಿದ ಅತಿಥಿಗಳಿಗೆ, ನನ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿರುವ ಅತ್ತೆಯವರಿಗೆ, ತಿದ್ದುತ್ತೇನೆಂದು ಕೇಳಿ ನಾನು ಕೊಡದಿದ್ದಾಗ ಸುಮ್ಮನಾದ ಕಾರ್ಯದರ್ಶಿಗಳಿಗೆ, ನಿಮ್ಮೆಲ್ಲರಿಗೂ ಋಣಿ.

ಕೊನೆಯದಾಗಿ ಒಂದು. ನಮ್ಮ ಮನೆ ಸ್ಟೇಷನ್ ರಸ್ತೆಯಲ್ಲಿದೆ. ಬೆಳಗಿನ ರೈಲಿಗೆ ಹೋಗುವವರೆಲ್ಲ ನಮ್ಮ ಕಿಟಕಿಯ ಮುಂದೆಯೇ ಹೋಗಬೇಕು. ನಮ್ಮ ಮಗು ಎದ್ದು ಅತ್ತರೆ ಅವ್ವನ ಒಂದು ಜೋಗುಳಕ್ಕೆ ಮಾತ್ರ ಸುಮ್ಮನಾಗುತ್ತದೆ, ಅದು ತೆಲುಗು. ನಾನು ಶುರುಮಾಡಿದರೆ ಯಜಮಾನರು ಎದ್ದು ಬೀದಿಯ ಕಿಟಕಿ ಮುಚ್ಚುತ್ತಾರೆ. ಬೇಡವೆಂದು ಅವರು ಒಂದು ದಿನವೂ ಹೇಳಿಲ್ಲ, ಏಕೆ ಮುಚ್ಚುತ್ತೀರಿ ಎಂದು ನಾನೂ ಕೇಳಿಲ್ಲ. ಇವತ್ತು ಬೆಳಿಗ್ಗೆಯೂ ಮಗು ಅತ್ತಿತು, ಹಾಡಿದೆ, ಅವರು ಎದ್ದು ಕಿಟಕಿಯ ಬಾಗಿಲಿಗೆ ಕೈ ಹಾಕಿದರು. “ತೆಗ್ದೇ ಇರ್ಲಿ ಬಿಡಿ” ಎಂದೆ. ಅವರು ಹೊರಗೆ ನೋಡಿದರು. ರೈಲಿಗೆ ಜನ ಹೋಗುತ್ತಿದ್ದರು. ಕೈ ತೆಗೆದು, ಕಿಟಕಿಯ ಪಕ್ಕದಲ್ಲೇ ಕುಳಿತು, ಚಪ್ಪಲಿಯ ಪಟ್ಟಿ ಬಿಗಿದುಕೊಂಡರು. ನಾನು ಹಾಡಿ ಮುಗಿಸಿದೆ.

ನಮಸ್ಕಾರ.